ಮೂರು ಉಸಿರಿನ ಸಂಪರ್ಕಾಧಿಕಾರಿ

ನಮ್ಮ ಮನೆಯಲ್ಲಿ ಫೋನು ಎರಡನೆಯ ಸಲ ರಿಂಗಾಗುವುದಿಲ್ಲ. ಆಗಲು ನಾನು ಬಿಡುವುದಿಲ್ಲ. ಸ್ನಾನದ ಮನೆಯಲ್ಲಿದ್ದರೆ ಟವೆಲ್ ಸುತ್ತಿಕೊಂಡು ಓಡಿ ಬರುತ್ತೇನೆ. ಊಟಕ್ಕೆ ಕೂತಿದ್ದರೆ ಎಡಗೈಯಲ್ಲಿ ಎತ್ತುತ್ತೇನೆ. ಮಲಗಿದ್ದರೆ ಕನ್ನಡಕ ಹುಡುಕುವ ಮೊದಲೇ ಕೈ ಅತ್ತ ಹೋಗಿರುತ್ತದೆ. ಒಮ್ಮೆ ಹೀಗೆ ಓಡುವ ಭರದಲ್ಲಿ ಮಂಡಿ ಮೇಜಿಗೆ ಬಡಿದು, ‘ಹಲೋ’ ಅನ್ನಬೇಕಾದಲ್ಲಿ ‘ಅಯ್ಯಯ್ಯಪ್ಪಾ’ ಎಂದುಬಿಟ್ಟೆ. ಆ ಕಡೆಯವರು ಇದು ಸಾವಿನ ಮನೆಯಿರಬೇಕೆಂದು ಸದ್ದಿಲ್ಲದೆ ಫೋನಿಟ್ಟರು.

‘ಅದೇನು ಮುಖ್ಯಮಂತ್ರಿಗಳು ಫೋನ್ ಮಾಡ್ತಾರೆ ಅಂತ ಕಾಯ್ತಿದ್ದೀರಾ? ಇನ್ನೊಂದು ಸಲ ಹೊಡ್ಕೊಂಡ್ರೆ ಏನು ಮುಳುಗಿಹೋಗುತ್ತೆ?’ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಏನು ಮುಳುಗಿಹೋಗುತ್ತದೆ ಎಂದು ನನಗೆ ಗೊತ್ತು. ಅವಳಿಗೆ ಹೇಳಿಲ್ಲ. ಒಂದು ಕಾಲದಲ್ಲಿ ಫೋನು ಎಷ್ಟು ಹೊಡೆದುಕೊಂಡರೂ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಮೂರು ಉಸಿರು ಎಳೆದು ಬಿಟ್ಟ ಮೇಲೆಯೇ ಎತ್ತುತ್ತಿದ್ದವನು ನಾನು ಎಂದರೆ ಅವಳು ನಂಬುವುದೂ ಇಲ್ಲ. ಅದು ನಮ್ಮ ಮದುವೆಗೆ ಮುಂಚಿನ ಮಾತು. ನಿಮಗೆ ಹೇಳಬಹುದು, ನೀವು ಮನೆಯವರಲ್ಲ.

ತೊಂಬತ್ತರ ದಶಕದ ಕೊನೆ. ಅರಸೀಕೆರೆಯಲ್ಲಿ ಒಂದು ಖಾಸಗಿ ಡೈರಿ ಇತ್ತು. ಈಗ ಇಲ್ಲ, ಹಾಗಾಗಿ ಹೆಸರೂ ಬೇಡ. ಅದರಲ್ಲಿ ನಾನು ಸಾರ್ವಜನಿಕ ಸಂಪರ್ಕಾಧಿಕಾರಿ. ಕೇಳುವುದಕ್ಕೆ ಕೋಟು ಹಾಕಿಕೊಂಡು ಮಾಡುವ ಕೆಲಸದಂತಿದೆ. ನಿಜದಲ್ಲಿ ಡೈರಿಗೂ ಊರಿಗೂ ನಡುವೆ ಏನು ಕೆಟ್ಟರೂ ಬೈಸಿಕೊಳ್ಳುವ ಕೆಲಸ. ಮೊಸರಿನಲ್ಲಿ ಕೂದಲು ಸಿಕ್ಕರೆ ಆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಅದು ಅವರ ಮನೆಯ ಕೂದಲೇ ಇರಬಹುದೆಂದು ನೋವಾಗದಂತೆ ಸೂಚಿಸಬೇಕು. ಹಾಲಿನ ದರ ಏರಿದರೆ ಪತ್ರಿಕೆಯವರಿಗೆ ಉಪ್ಪಿಟ್ಟು ಕಾಫಿ ಕೊಡಿಸಿ, ಏರಿಲ್ಲ, ಪರಿಷ್ಕರಣೆಯಾಗಿದೆ ಎಂದು ಒಪ್ಪಿಸಬೇಕು. ಮಾಲೀಕರ ಭಾಷಣ ಬರೆದುಕೊಡಬೇಕು. ಅವರು ಅದನ್ನು ಓದುವಾಗ ಮೊದಲ ಸಾಲಿನಲ್ಲಿ ಕೂತು, ಹೊಸದಾಗಿ ಕೇಳಿದವನ ಹಾಗೆ ತಲೆದೂಗಬೇಕು.

ಇದಕ್ಕೆ ಗಟ್ಟಿ ಜೀವ ಬೇಕು. ನಾನೋ ಹುಟ್ಟು ಪುಕ್ಕಲ. ಫೋನು ರಿಂಗಾದರೆ ಸಾಕು, ಎಲ್ಲೋ ಹಾಲು ಒಡೆದಿದೆ, ಯಾರಿಗೋ ವಾಂತಿಯಾಗಿದೆ, ಯಾವುದೋ ಪತ್ರಿಕೆ ನನ್ನ ಹೆಸರು ಹಾಕಿದೆ ಎಂದೇ ಎಣಿಸುತ್ತಿದ್ದೆ. ಹೆದರಿದವರಿಗೆ ಮಾತು ಹೊರಡುವುದಿಲ್ಲ ಎನ್ನುತ್ತಾರೆ. ನನಗೆ ಉಲ್ಟಾ. ಹೆದರಿಕೆಯಾದರೆ ಮಾತು ನಿಲ್ಲುವುದಿಲ್ಲ. ಕೇಳಿದ್ದಕ್ಕೂ ಕೇಳದ್ದಕ್ಕೂ ಸೇರಿಸಿ ಉತ್ತರ ಕೊಡುತ್ತೇನೆ.

ಈ ರೋಗ ಹಳೆಯದು. ಜಾವಗಲ್ಲಿನಲ್ಲಿ ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಕ್ಷರ ಮುದ್ದಾಗಿದ್ದ ತಪ್ಪಿಗೆ ಸುತ್ತಲ ಹಳ್ಳಿಗಳ ಅರ್ಜಿಗಳೆಲ್ಲ ನಮ್ಮ ಜಗಲಿಗೆ ಬರುತ್ತಿದ್ದವು. ಪಹಣಿಯಲ್ಲಿ ಹೆಸರು ತಪ್ಪಿದೆ, ಪಂಪ್‌ಸೆಟ್ಟಿಗೆ ಕರೆಂಟು ಕೊಟ್ಟಿಲ್ಲ, ಮಗನಿಗೆ ಹಾಸ್ಟೆಲ್ ಸೀಟು ಬೇಕು. ಅಪ್ಪ ಬೇಸರವಿಲ್ಲದೆ ಬರೆದುಕೊಡುತ್ತಿದ್ದರು. ಭಾನುವಾರ ಮಧ್ಯಾಹ್ನ ಮಾತ್ರ ಅವರಿಗೆ ನಿದ್ದೆ ಬೇಕು. ಆಗ ಬಾಗಿಲಲ್ಲಿ ಕೂತು ಬಂದವರನ್ನು ಸಾಗಹಾಕುವ ಕೆಲಸ ನನ್ನದು. ಆ ಲೆಕ್ಕದಲ್ಲಿ ನಾನು ಒಂಬತ್ತನೆಯ ವಯಸ್ಸಿಗೇ ಸಂಪರ್ಕಾಧಿಕಾರಿ.

ಒಂದು ಭಾನುವಾರ ಒಬ್ಬ ಮುದುಕ ಬಂದು, ‘ಮೇಷ್ಟ್ರು ಮನೇಲವ್ರಾ ಮಗ?’ ಎಂದ.

‘ಇಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ‘ಅರಸೀಕೆರೆಗೆ ಹೋದ್ರು. ಒಂಬತ್ತೂವರೆ ಬಸ್ಸಿಗೆ. ಮಳೆ ಬರೋ ಹಂಗಿತ್ತು, ಅದಕ್ಕೆ ಛತ್ರಿ ತಗೊಂಡು ಹೋದ್ರು. ಮರದ ಹಿಡಿ ಛತ್ರಿ’ ಎಂದೆ.

ಮುದುಕ ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲೆ ನೋಡಿದ. ಅಲ್ಲಿ ಗೂಟದಲ್ಲಿ ಮರದ ಹಿಡಿಯ ಛತ್ರಿ ನೇತಾಡುತ್ತಿತ್ತು. ‘ಮೇಷ್ಟ್ರತ್ರ ಎಲ್ಡು ಛತ್ರಿ ಐತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ’ ಎಂದಷ್ಟೇ ಹೇಳಿ ತಿರುಗಿ ನಡೆದ. ಒಳಗಿನಿಂದ ಅಪ್ಪ ಎದ್ದು ಬನಿಯನ್ನಿನಲ್ಲೇ ಬೀದಿಗೆ ಓಡಿ ಅವನನ್ನು ಕರೆತಂದು ಅರ್ಜಿ ಬರೆದುಕೊಟ್ಟರು. ನನಗೆ ಹೊಡೆಯಲಿಲ್ಲ. ಸಂಜೆ ಮಾತ್ರ, ‘ಸುಳ್ಳು ಹೇಳು ಅಂದಿದ್ದು ನಂದೇ ತಪ್ಪು ಕಣೋ. ಆದ್ರೆ ಛತ್ರಿ ಯಾಕೆ ಬೇಕಿತ್ತು?’ ಎಂದು ಕೇಳಿದರು. ಅಂದಿನಿಂದ ಯಾರೊಡನೆ ಏನು ಮಾತಾಡುವಾಗಲೂ ತಲೆಯ ಮೇಲೊಂದು ಛತ್ರಿ ನೇತಾಡುತ್ತಿದೆ ಎಂದೇ ನನಗೆ ಅನ್ನಿಸುವುದು.

ಇಂಥವನ ಕೈಗೆ ಝೆನ್ ಸಿಕ್ಕಿದ್ದು ಅರಸೀಕೆರೆ ಸ್ಟೇಷನ್ನಿನಲ್ಲಿ. ಬೆಂಗಳೂರಿನ ರೈಲು ಎರಡು ಗಂಟೆ ತಡ. ಪ್ಲಾಟ್‌ಫಾರಂನ ಪುಸ್ತಕದ ಗಾಡಿಯಲ್ಲಿ ರಟ್ಟು ಹರಿದ ಒಂದು ತೆಳು ಪುಸ್ತಕವಿತ್ತು. ರಟ್ಟಿನೊಂದಿಗೆ ಬರೆದವರ ಹೆಸರೂ ಹೋಗಿತ್ತು. ಜಪಾನಿನ ಸನ್ಯಾಸಿಗಳ ದಾರಿಯ ಬಗ್ಗೆ ಯಾರೋ ಪುಣ್ಯಾತ್ಮರು ಸರಳವಾಗಿ ಬರೆದಿದ್ದರು. ಬೇಡದ್ದನ್ನು ಬಿಡು, ಖಾಲಿ ಜಾಗಕ್ಕೆ ಹೆದರಬೇಡ, ಏನನ್ನಾದರೂ ಮಾಡುವ ಮೊದಲು ನಿನ್ನ ಉಸಿರನ್ನು ಗಮನಿಸು. ನನಗೆ ಅರ್ಥವಾದದ್ದು ಇಷ್ಟು. ಇಷ್ಟು ವರ್ಷ ಮಾತಾಡಿ ಕೆಟ್ಟವನಿಗೆ ಇದಕ್ಕಿಂತ ಇನ್ನೇನು ಬೇಕು? ರೈಲು ಬರುವಷ್ಟರಲ್ಲಿ ನಾನು ಮತಾಂತರ ಹೊಂದಿದ್ದೆ.

ಮಾರನೆಯ ದಿನದಿಂದ ಕಚೇರಿಯಲ್ಲಿ ಝೆನ್ ಶುರುವಾಯಿತು. ಒಂದೂವರೆ ಪುಟದ ಪತ್ರಿಕಾ ಪ್ರಕಟಣೆಗಳು ನಾಲ್ಕು ಸಾಲಿಗೆ ಇಳಿದವು. ಸುತ್ತ ವಿಶಾಲವಾಗಿ ಜಾಗ ಬಿಡುತ್ತಿದ್ದೆ. ಆ ಜಾಗದಲ್ಲಿ ಸ್ಥಳೀಯ ಪತ್ರಿಕೆಯ ವರದಿಗಾರರು ಚೀಟಿ ವ್ಯವಹಾರದ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರು. ತುಪ್ಪದ ಜಾಹೀರಾತಿಗೆ ‘ತುಪ್ಪ’ ಎಂಬ ಒಂದೇ ಮಾತು ಸಾಕು ಎಂದು ಮಾಲೀಕರ ಮುಂದಿಟ್ಟೆ. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ‘ಏನ್ರೀ ಇದು, ಪೂರ್ತಿ ಬರ್ಯೋಕೆ ಟೈಮ್ ಸಿಗ್ಲಿಲ್ವಾ?’ ಎಂದು ಕೇಳಿದರು. ಫೋನಿಗೆ ಮೂರು ಉಸಿರಿನ ಕಟ್ಟಳೆ ಹಾಕಿಕೊಂಡದ್ದೂ ಆಗಲೇ. ಮೊದಲನೆಯ ಉಸಿರಿನಲ್ಲಿ ಹೆದರಿಕೆ ಹೋಗಬೇಕು, ಎರಡನೆಯದರಲ್ಲಿ ಸುಳ್ಳು, ಮೂರನೆಯದರಲ್ಲಿ ನಾನು. ನಾನು ಹೋಗುವಷ್ಟರಲ್ಲಿ ಎಷ್ಟೋ ಸಲ ಫೋನೇ ಹೋಗಿರುತ್ತಿತ್ತು. ಅದೂ ಒಂದು ಸಾಧನೆಯೆಂದೇ ಎಣಿಸಿದೆ. ದೂರುಗಳು ಕಡಿಮೆಯಾಗಿವೆ ಎಂದು ಸಾಹೇಬರಿಗೆ ವರದಿಯನ್ನೂ ಕೊಟ್ಟೆ.

ಹಗರೆಯಲ್ಲಿ ನಮ್ಮದೊಂದು ಚಿಲ್ಲಿಂಗ್ ಸೆಂಟರ್ ಇತ್ತು. ಸುತ್ತಲ ಹಳ್ಳಿಗಳ ಹಾಲು ಎರಡೂ ಹೊತ್ತು ಅಲ್ಲಿಗೆ ಬಂದು, ದೊಡ್ಡ ಟ್ಯಾಂಕಿನಲ್ಲಿ ತಣ್ಣಗಾಗಿ, ಬೆಳಗಿನ ಜಾವ ಕ್ಯಾನುಗಳಲ್ಲಿ ಬೇಲೂರು, ಹಳೇಬೀಡಿನ ಹೋಟೆಲುಗಳಿಗೆ ಹೋಗುತ್ತಿತ್ತು. ಅದಕ್ಕೆ ಒಂದು ವರ್ಷ ತುಂಬಿದಾಗ ಸಮಾರಂಭ ಆಗಬೇಕೆಂದು ಸಾಹೇಬರು ಹೇಳಿದರು. ಶಾಮಿಯಾನ, ಮೈಕು, ಹಾರ, ಭಾಷಣ ಯಾವುದೂ ಬೇಡ, ಪತ್ರಿಕೆಯವರನ್ನು ಕರೆದು ಟ್ಯಾಂಕಿನ ಮುಂದೆ ಐದು ನಿಮಿಷ ಮೌನವಾಗಿ ನಿಲ್ಲಿಸೋಣ, ಹಾಲಿನ ಶುದ್ಧತೆ ಅವರಿಗೇ ಅನುಭವಕ್ಕೆ ಬರಲಿ ಎಂದೆ. ಖರ್ಚಿಲ್ಲದ್ದು ನೋಡಿ, ಸಾಹೇಬರು ಒಪ್ಪಿದರು.

ಅವತ್ತು ಬೆಳಿಗ್ಗೆ ಹಗರೆಗೆ ಹೋಗಿ ನಿಂತರೆ ಮೌನ ಎಲ್ಲಿಂದ ಬರಬೇಕು? ಟ್ಯಾಂಕು ತಣ್ಣಗಿಡುವ ಕಂಪ್ರೆಸರ್ ಹಿಟ್ಟಿನ ಗಿರಣಿಯಂತೆ ದಡಬಡ ಅನ್ನುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಕರಿಯಪ್ಪನಿಗೆ, ‘ಮಿಷನ್ ನಿಲ್ಸಿ ಕರಿಯಪ್ಪ, ನಾನು ಹೇಳೋವರೆಗೂ ಹಾಕ್ಬೇಡಿ’ ಎಂದೆ.

‘ಟ್ಯಾಂಕ್ನಾಗೆ ಹಾಲೈತೆ ಸಾ.’

‘ಹತ್ತು ನಿಮಿಷ ಅಷ್ಟೇ ಕಣ್ರೀ.’

ಅವನು ನಿಲ್ಲಿಸಿದ. ಎಂಥ ಮೌನ ಅದು! ದೂರದಲ್ಲೊಂದು ಕರು ಅಂಬಾ ಎಂದಿತು. ಮೇನ್ ರೋಡಿನಲ್ಲಿ ಬಸ್ಸು ಗೇರು ಬದಲಿಸಿದ್ದು ಕೇಳಿಸಿತು. ವರದಿಗಾರರೊಬ್ಬರು ನಿಂತಲ್ಲೇ ಸಣ್ಣಗೆ ಗೊರಕೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನನ್ನ ಹೆದರಿಕೆಯೆಲ್ಲ ಆ ಐದು ನಿಮಿಷದಲ್ಲಿ ಇಳಿದುಹೋದಂತಾಯಿತು. ಆ ಹಗುರದಲ್ಲೇ ಎಲ್ಲರನ್ನೂ ವ್ಯಾನಿಗೆ ಹತ್ತಿಸಿಕೊಂಡು ಹಳೇಬೀಡು ತೋರಿಸಲು ಹೊರಟೆ.

ಕಂಪ್ರೆಸರ್ ಹಾಕಿ ಎಂದು ಹೇಳಲಿಲ್ಲ.

ಹಳೇಬೀಡಿನ ದೊಡ್ಡ ದೇವಾಲಯದ ಗೋಡೆಯ ಮುಂದೆ ನಿಂತು, ‘ಇಲ್ಲಿ ನೋಡಿ, ಒಂದಂಗುಲ ಖಾಲಿ ಬಿಡೋಕೂ ಶಿಲ್ಪಿಗೆ ಧೈರ್ಯವಿಲ್ಲ. ಆನೆ, ಕುದುರೆ, ಹಂಸ, ಯುದ್ಧ, ಎಲ್ಲಾ ಹೇಳಿಬಿಡ್ಬೇಕು’ ಎಂದು ಟೀಕಿಸಿದೆ. ಆ ಗೋಡೆಯೂ ನನ್ನ ಹಾಗೆ ಎಲ್ಲ ಹೇಳಿಬಿಡುವ ಜಾತಿ, ನನಗೆ ಅಣ್ಣನಿದ್ದ ಹಾಗೆ ಎಂದು ಹೊಳೆಯಲಿಲ್ಲ. ಅಲ್ಲಿಂದ ಬಸದಿಗೆ ಕರೆದೊಯ್ದೆ. ಕಣ್ಣು ಕುಕ್ಕುವ ಕೆತ್ತನೆಯಿಲ್ಲದ ಗೋಡೆ, ಮುಖ ಕಾಣುವಷ್ಟು ನುಣುಪಾದ ಕರಿಕಂಬ. ಅಲ್ಲಿ ನಿಂತು ಮೌನದ ವಿಷಯವಾಗಿ ಅರ್ಧ ಗಂಟೆ ಮಾತಾಡಿದೆ. ಬಸದಿಗೆ ದಿನವೂ ದರ್ಶನಕ್ಕೆ ಬರುವ ಪದ್ಮರಾಜಯ್ಯ ಎಂಬ ಹಿರಿಯರು ಒಂದು ಕಂಬದ ಪಕ್ಕ ಪೂರ್ತಿ ಕೇಳುತ್ತ ನಿಂತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ದಿನಸಿ ಅಂಗಡಿ, ಅದರಲ್ಲೇ ಒಂದು ಎಸ್‌ಟಿಡಿ ಬೂತು. ನನ್ನ ಮಾತು ಮುಗಿದ ಮೇಲೆ ಹತ್ತಿರ ಬಂದು, ‘ಮೌನದ ಬಗ್ಗೆ ಇಷ್ಟು ಹೊತ್ತು ಹೇಳಿದ್ರಿ, ಗಂಟಲು ಒಣಗಿರ್ಬೇಕು. ಅಂಗಡಿಗೆ ಬನ್ನಿ ಸ್ವಾಮಿ, ನೀರು ಕುಡೀರಿ’ ಎಂದರು. ಹೋಗಿ ಕುಡಿದೆ. ಆ ನೀರು ತಣ್ಣಗಿತ್ತು. ಆಗಲೂ ನನಗೆ ಹಗರೆಯ ಟ್ಯಾಂಕು ನೆನಪಾಗಲಿಲ್ಲ.

ಅತ್ತ ಕರಿಯಪ್ಪ ನನ್ನ ಮಾತಿಗಾಗಿ ಕಾದಿದ್ದಾನೆ. ಮಧ್ಯಾಹ್ನ ಅವನು ಪಾಳಿ ಮುಗಿಸಿ, ನೆಂಟರ ಮದುವೆಗೆಂದು ಎರಡು ದಿನ ರಜೆಯ ಮೇಲೆ ಹೋಗಿದ್ದಾನೆ. ಆಮೇಲೆ ಬಂದವನು ಮಿಷನ್ ಸದ್ದಿಲ್ಲದ್ದು ಕಂಡು, ಕರೆಂಟಿರಲಿಕ್ಕಿಲ್ಲ ಎಂದುಕೊಂಡಿದ್ದಾನೆ. ಆ ಕಾಲದಲ್ಲಿ ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತಿತ್ತು, ಮಿಷನ್ ಸುಮ್ಮನಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಸಂಜೆ ಹಾಲು ಬಂದಿದೆ, ಅದೇ ಟ್ಯಾಂಕಿಗೆ ಸುರಿದಿದ್ದಾರೆ.

ಮಾರನೆಯ ಬೆಳಿಗ್ಗೆ ಬೇಲೂರು, ಹಳೇಬೀಡಿನ ಹೋಟೆಲುಗಳಲ್ಲಿ ಒಲೆಯ ಮೇಲಿಟ್ಟ ಹಾಲೆಲ್ಲ ಒಡೆಯಿತು. ಬಸ್ಸಿಳಿದು ಬಂದ ಪ್ರವಾಸಿಗಳಿಗೆ ಕಾಫಿಯಿಲ್ಲ. ಅರಸೀಕೆರೆಯ ಕಚೇರಿಯಲ್ಲಿ ನಾನು ಕಾಫಿ ಲೋಟ ಹಿಡಿದು ನಿಂತಿದ್ದಾಗ ಸುದ್ದಿ ಬಂತು. ಬರುತ್ತಿದ್ದ ಹಾಗೆ ಕರಿಯಪ್ಪನ ಮುಖ, ನಿಂತ ಮಿಷನ್, ‘ಹತ್ತು ನಿಮಿಷ’ ಎಂಬ ಮಾತು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.  ಮಿಷನ್ ನಿಲ್ಲಿಸಿ ಮತ್ತೆ ಹಾಕಿಸಿಲ್ಲವೆಂದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಕರಿಯಪ್ಪ. ಅವನು ಎರಡು ದಿನ ಮದುವೆಮನೆಯಲ್ಲಿ. ಆ ಎರಡು ದಿನವನ್ನು ನಾನು ಎಷ್ಟು ಸಲ ಬೆರಳು ಮಡಿಸಿ ಎಣಿಸಿದೆನೋ.

ಸಾಹೇಬರು ಕರೆದು, ‘ನಿನ್ನೆ ಸಂಜೆ ಕೊನೇಲಿ ಬಂದ ಕ್ಯಾನು ಯಾವೂರ್ದ್ರೀ?’ ಎಂದು ಕೇಳಿದರು.

‘ಮಾದಿಹಳ್ಳೀದು ಸಾರ್.’

‘ಹಂಗಾದ್ರೆ ಮಾದಿಹಳ್ಳಿ ಅಂತಲೇ ಬರೀರಿ. ಹೆಂಗೂ ಚಿಕ್ಕ ಕೇಂದ್ರ. ಇವತ್ತು ಸಂಜೆಯಿಂದ ಅವರ ಹಾಲು ತಗೋಳೋದು ಬೇಡ.’

ಮಾದಿಹಳ್ಳಿಯ ಹಾಲು ಸಂಗ್ರಹ ಕೇಂದ್ರ ನಡೆಸುತ್ತಿದ್ದವರು ಜಯಮ್ಮ. ನಮ್ಮ ಡೈರಿಯಲ್ಲಿ ಆಕೆಯ ಹೆಸರು ಎಲ್ಲರಿಗೂ ಗೊತ್ತು. ಒಂದು ಸಲ ತನ್ನ ಓರಗಿತ್ತಿಯ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡಿ, ‘ಇದ್ರಾಗೆ ಬಾವಿ ಐತೆ, ಮನೇಗ್ ತಗಂಡೋಗು’ ಎಂದು ಎಲ್ಲರೆದುರು ವಾಪಸ್ಸು ಕಳಿಸಿದ್ದ ಹೆಂಗಸು. ಆ ಓರಗಿತ್ತಿ ಎರಡು ವರ್ಷ ಆಕೆಯೊಡನೆ ಮಾತು ಬಿಟ್ಟಿದ್ದಳಂತೆ. ಇಪ್ಪತ್ತು ಮೂವತ್ತು ಮನೆಯ ಹೆಂಗಸರು ಆಕೆಯ ಮಾತಿನ ಮೇಲೆ ಹಾಲು ತಂದು ಸುರಿಯುತ್ತಿದ್ದರು. ಆಕೆಗಿದ್ದದ್ದು ಆ ಒಂದು ಹೆಸರು. ನಾನು ಬರೆಯಬೇಕಾಗಿದ್ದದ್ದು ಅದರ ಮೇಲೆ.

ನನ್ನದೇ ತಪ್ಪು ಸಾರ್ ಎನ್ನಲು ಆಗಲೇ ಅವಕಾಶವಿತ್ತು. ಬಾಯಿ ತೆರೆದೆ. ಕೆಲಸ ಹೋಗುತ್ತದೆ ಎಂಬುದು ಒಂದು ಕಡೆ. ಇನ್ನೊಂದು ಕಡೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹರಕು ಪುಸ್ತಕ ನೆನಪಿಗೆ ಬಂತು. ಮಾಡುವವನೂ ಇಲ್ಲ, ಮಾಡಿಸುವವನೂ ಇಲ್ಲ, ಎಲ್ಲ ಶೂನ್ಯ ಎಂದು ಅದರಲ್ಲಿ ಎಲ್ಲೋ ಓದಿದ್ದೆ. ಮಾಡಿದವನೇ ಇಲ್ಲದ ಮೇಲೆ ಮಿಷನ್ ನಿಲ್ಲಿಸಿದವನು ಎಲ್ಲಿ ಬಂದ? ಸುಮ್ಮನೆ ಹೋಗಿ ಬರೆದೆ. ‘ಮಾದಿಹಳ್ಳಿ ಸಂಗ್ರಹ ಕೇಂದ್ರದ ಹಾಲಿನಲ್ಲಿ ದೋಷ ಕಂಡುಬಂದಿದ್ದು, ಅಲ್ಲಿಂದ ಹಾಲು ಪಡೆಯುವುದನ್ನು ನಿಲ್ಲಿಸಲಾಗಿದೆ.’ ಒಂದೇ ಸಾಲು. ಬರೆದು ಮುಗಿಸಿದಾಗ, ಎಷ್ಟು ಅಚ್ಚುಕಟ್ಟಾಗಿದೆ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ವರದಿಗಾರರಿಗೆ ಕೊಟ್ಟು ಬಂದು ಕುರ್ಚಿಯಲ್ಲಿ ಕೂತೆ. ಸಂಜೆ ಆರೂವರೆ ಇರಬೇಕು. ಫೋನು ರಿಂಗಾಯಿತು.

ಪತ್ರಿಕೆಯವರೇ ಇರಬೇಕು, ಏನು ದೋಷ, ಯಾರು ಕಂಡರು ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಿದರೆ ನಾನು ಹೇಳಿಬಿಡುತ್ತೇನೆ ಎಂದು ನನಗೇ ಗೊತ್ತಿತ್ತು. ಹೇಳಿಬಿಡಬೇಕೆಂಬ ಆಸೆಯೂ ಇತ್ತು. ಕಣ್ಣು ಮುಚ್ಚಿದೆ. ಮೊದಲ ಉಸಿರು ಎಳೆದೆ, ಹೆದರಿಕೆ ಹೋಗಲಿಲ್ಲ. ಎರಡನೆಯದು. ಮೂರನೆಯದನ್ನು ಎಷ್ಟು ನಿಧಾನವಾಗಿ ಬಿಟ್ಟೆನೆಂದರೆ ಫೋನು ನಿಂತಿತು. ನಿಂತ ಮೇಲೆ ಕೈ ಚಾಚಿದೆ.

ಮತ್ತೆ ರಿಂಗಾಯಿತು. ಮತ್ತೆ ಮೂರು ಉಸಿರು. ಮತ್ತೆ ನಿಂತಿತು. ಮೂರನೆಯ ಸಲ ರಿಂಗಾದಾಗ ನಾನು ಉಸಿರು ಎಣಿಸಲೂ ಇಲ್ಲ, ರಿಸೀವರಿನ ಮೇಲೆ ಕೂತಿದ್ದ ಒಂದು ನೊಣವನ್ನು ನೋಡುತ್ತ ಕೂತೆ. ಅದು ಅಷ್ಟು ಸದ್ದಿಗೂ ಏಳಲಿಲ್ಲ. ಆಮೇಲೆ ಫೋನು ಸುಮ್ಮನಾಯಿತು. ಅಂಥ ಮೌನ ಹಗರೆಯಲ್ಲೂ ಇರಲಿಲ್ಲ. ನನಗೆ ಅದನ್ನು ತಾಳಲಾಗಲಿಲ್ಲ.

ಬೆಳಿಗ್ಗೆ ಪತ್ರಿಕೆಯಲ್ಲಿ ನನ್ನ ಸಾಲು ಬಂದಿತ್ತು. ‘ಕಲಬೆರಕೆ ಹಾಲು: ಮಾದಿಹಳ್ಳಿ ಕೇಂದ್ರ ಬಂದ್’ ಎಂದು ತಲೆಬರಹ ಹಾಕಿದ್ದರು. ನಾನು ಬಿಟ್ಟ ಖಾಲಿ ಜಾಗವನ್ನು ಅವರು ತುಂಬಿದ್ದರು. ಅದನ್ನು ಓದಿ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದೆ. ಕಚೇರಿಯ ಕಡೆ ಹೊರಟವನು ಬಸ್‌ಸ್ಟ್ಯಾಂಡಿಗೆ ಹೋಗಿ ಹಳೇಬೀಡಿನ ಬಸ್ಸು ಹತ್ತಿದೆ. ಧೈರ್ಯವಲ್ಲ ಅದು, ಕೂತಲ್ಲಿ ಕೂರಲಾಗದೆ ಹೋದದ್ದು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ, ಇಳಿದು ಅಪ್ಪನ ಹತ್ತಿರ ಹೋಗಿಬಿಡೋಣ ಅನ್ನಿಸಿ ಎದ್ದೂ ನಿಂತಿದ್ದೆ. ಕಂಡಕ್ಟರ್ ‘ಇಳೀತೀರೇನ್ರೀ?’ ಎಂದ. ಅಪ್ಪ ಏನು ಕೇಳುತ್ತಾರೆಂದು ಗೊತ್ತಿತ್ತು. ಕೂತುಕೊಂಡೆ.

ಹಳೇಬೀಡಿನಲ್ಲಿಳಿದು ಮಾದಿಹಳ್ಳಿಗೆ ಹೋದರೆ ಕೇಂದ್ರದ ಮುಂದೆ ಗುಂಪು ನೆರೆದಿತ್ತು. ಹಿಂದಿನ ಸಂಜೆ ಟೆಂಪೋದವನು ಹಾಲು ಬೇಡವೆಂದು ಹೋಗಿದ್ದ, ಬೆಳಿಗ್ಗೆಯೂ ಬಂದಿರಲಿಲ್ಲ. ಜಯಮ್ಮ ಒಬ್ಬೊಬ್ಬರ ಪಾತ್ರೆಗೂ ಅವರವರ ಹಾಲನ್ನು ಅಳೆದು ವಾಪಸ್ಸು ಹಾಕುತ್ತಿದ್ದರು. ಒಬ್ಬಳು ಪಾತ್ರೆ ಸೆಳೆದುಕೊಂಡು, ‘ನನ್ ಹಾಲ್ನಾಗೆ ಬಾವಿ ಐತೆ ಅಂದ್ಯಲ್ಲ, ಈಗ ನಿನ್ ಕ್ಯಾನ್ನಾಗೆ ಏನೈತಂತೆ, ಪೇಪರ್ನಾಗೇ ಬಂದೈತೆ’ ಎಂದಳು. ಓರಗಿತ್ತಿಯೆಂದು ಬೇರೆ ಹೇಳಬೇಕಾಗಿರಲಿಲ್ಲ. ಜಯಮ್ಮ ಅಳತೆಯ ಲೋಟವನ್ನು ಮುಂದಿನವಳ ಪಾತ್ರೆಗೆ ಬಗ್ಗಿಸಿದರು, ಹಾಲು ಹೊರಗೆ ಚೆಲ್ಲಿತು. ಅದುವರೆಗೆ ನನ್ನ ಸಂಕಟವನ್ನಷ್ಟೇ ನಾನು ನೋಡಿದ್ದೆ.

‘ಹಾಲಿನಲ್ಲಿ ಏನೂ ಇರಲಿಲ್ಲ. ಹಗರೇಲಿ ಮಿಷನ್ ನಿಲ್ಲಿಸಿದ್ದು ನಾನು. ಮತ್ತೆ ಹಾಕಿಸೋದು ಮರೆತೆ. ಪೇಪರಿಗೆ ಸುಳ್ಳು ಬರೆದು ಕೊಟ್ಟಿದ್ದೂ ನಾನೇ’ ಎಂದೆ. ಜೀವನದಲ್ಲಿ ಮೊದಲ ಸಲ ಹೆದರಿದಾಗಲೂ ನಾನು ಬೇಕಾದಷ್ಟೇ ಮಾತಾಡಿದ್ದೆ.

 ಜಯಮ್ಮ ಲೋಟ ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. ‘ಈ ಮಾತ್ನ ನಿನ್ನೆ ಹೇಳಿದ್ದಿದ್ರೆ ಒಂದ್ಸಲ ಸಾಕಿತ್ತು ಸಾ. ಈಗ ಒಂದೊಂದ್ ಹೋಟ್ಲಿಗೂ ಹೋಗ್ ಹೇಳ್ಬೇಕು. ನಡೀರಿ’ ಎಂದರು.

ಕೆಲಸ ಹೋದದ್ದು ಅದಾದ ಮೇಲೆ. ಸಾಹೇಬರು ನಾನು ಹೇಳಿದ್ದನ್ನೆಲ್ಲ ಕೇಳಿ, ಒಂದು ಮಾತೂ ಆಡದೆ ಬಾಗಿಲು ತೋರಿಸಿದರು. ಝೆನ್ ನನಗಿಂತ ಅವರಿಗೇ ಚೆನ್ನಾಗಿ ಒಲಿದಿತ್ತು. ತಪ್ಪೊಪ್ಪಿಗೆಯನ್ನು ಪತ್ರಿಕೆಯವರು ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಯ ಕೆಳಗೆ ಹಾಕಿದರು. ನನ್ನ ಹೆಸರು ಸರಿಯಾಗಿಯೇ ಬಂದಿತ್ತು. ಆ ಹೊತ್ತಿಗೆ ಅದನ್ನು ನೋಡುವ ಹೆದರಿಕೆ ನನಗೆ ಹೋಗಿತ್ತು.

ಮಾದಿಹಳ್ಳಿಯಿಂದ ಅವತ್ತು ಜಯಮ್ಮ ಮತ್ತು ನಾನು, ಉಳಿದಿದ್ದ ಬೆಳಗಿನ ಹಾಲಿನ ಒಂದು ಕ್ಯಾನು ಹಿಡಿದುಕೊಂಡು ಮೊದಲು ಹೋದದ್ದು ಹಳೇಬೀಡಿಗೆ, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ. ಮಾಲೀಕ ರಾಜಣ್ಣ ಜಯಮ್ಮನವರನ್ನು ಕಂಡವನೇ, ‘ನಿನ್ನೆ ಮೂವತ್ ಲೀಟ್ರು ಚರಂಡಿಗೆ ಸುರಿದಿದೀನಿ ಕಣಮ್ಮ, ಮತ್ತೆ ಬಂದೆಯಲ್ಲ’ ಎಂದ. ನಾನು ಮುಂದೆ ಬಂದು ಹೇಳಬೇಕಾದದ್ದನ್ನು ಹೇಳಿದೆ. ಬೆಂಚುಗಳಲ್ಲಿ ಕೂತಿದ್ದ ಜನ, ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ಪದ್ಮರಾಜಯ್ಯ, ಎಲ್ಲರೂ ಕೇಳಿಸಿಕೊಂಡರು. ರಾಜಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ನೀವ್ ಹೇಳೋದ್ ಆಮೇಲಿರ್ಲಿ, ಹಾಲ್ ಹೇಳ್ಲಿ’ ಎಂದು ಕ್ಯಾನಿನಿಂದ ಒಂದು ಪಾತ್ರೆ ಹಾಲು ಬಗ್ಗಿಸಿ ಒಲೆಗಿಟ್ಟ.

ಕಾಯುವುದೇನೆಂದು ನನಗೆ ಆಗ ಗೊತ್ತಾಯಿತು. ಬೆಳಿಗ್ಗೆ ಕರೆದ ಹಾಲು, ಬಿಸಿಲೇರಿದೆ, ಕ್ಯಾನು ಬಸ್ಸಿನಲ್ಲಿ ಕುಲುಕಿದೆ. ಈಗ ಇದೂ ಒಡೆದರೆ? ಒಡೆದರೆ ನನ್ನ ಮಾತು ಯಾರು ನಂಬುತ್ತಾರೆ? ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಿತು. ಜಯಮ್ಮ ಪಾತ್ರೆಯ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡುತ್ತಿದ್ದರು. ನಾನು ಉಸಿರು ಎಣಿಸಲು ಹೋದೆ, ಒಂದೂ ಬರಲಿಲ್ಲ. ಕೆನೆ ಸುಕ್ಕುಗಟ್ಟಿತು, ಮಧ್ಯದಲ್ಲಿ ಉಬ್ಬಿತು, ಬಿಳಿಯಾಗಿ ಒಂದೇ ಸಮ ಮೇಲೆದ್ದು ಪಾತ್ರೆಯ ಕಂಠಕ್ಕೆ ಬಂದು ಒಲೆಯ ಮೇಲೆ ಚುರ್ರೆಂದು ಉಕ್ಕಿತು. ರಾಜಣ್ಣ ಉರಿ ತಗ್ಗಿಸಿ, ಸೌಟು ಹಾಕಿ ಎತ್ತಿ ಹೊಯ್ದು ಎಲ್ಲರಿಗೂ ತೋರಿಸಿದ. ‘ಹಾಲು ಅಂದ್ರೆ ಹಾಲು ಕಣಮ್ಮ. ಇನ್ಮೇಲೆ ಸೀದಾ ನನಗೇ ತಂದ್ಕೊಡು’ ಎಂದ. ಆಮೇಲೆ ನಮ್ಮಿಬ್ಬರಿಗೂ ಕೇಳದೆಯೇ ಕಾಫಿ ತಂದಿಟ್ಟ.

ಜಯಮ್ಮ ಬೆಂಚಿನ ತುದಿಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. ‘ನಿನ್ನೆ ಸಂಜೆ ಟೆಂಪೋದೋನು ಹಾಲ್ ಬ್ಯಾಡ ಅಂದ್ಮೇಲೆ ಇಲ್ಲೀಗಂಟ ಬಂದು, ಈ ಅಯ್ನೋರ್ ಅಂಗ್ಡಿಯಿಂದ ನಿಮ್ಮಾಫೀಸ್ಗೆ ಫೋನ್ ಮಾಡಿದ್ದೆ ಸಾ. ಮೂರ್ ಸಲ. ಮೊನ್ನೆ ಸಂಜೆ ಟೆಂಪೋ ಜತೇಗೆ ನಾನೇ ಹಾಲ್ ಕೊಡಕ್ಕೆ ಹಗರೆಗೆ ಹೋಗಿದ್ದೆ. ಟ್ಯಾಂಕ್ ಮುಟ್ಟುದ್ರೆ ಬೆಚ್ಚಗಿತ್ತು. ಮಿಷನ್ ಸದ್ದಿರ್ಲಿಲ್ಲ, ಆದ್ರೆ ಲೈಟ್ ಉರೀತಿತ್ತು. ಮಿಷನ್ನ ಒಂದ್ಸಲ ನೋಡಿ ಆಮೇಲ್ ನಮ್ ಹಾಲ್ ನಿಲ್ಸಿ ಅಂತ ಹೇಳನ ಅಂದ್ಕಂಡೆ. ಜಾವಗಲ್ ಮೇಷ್ಟ್ರ ಮಗ, ನಮ್ಮಂಥೋರ್ ಮಾತು ಕೇಳುಸ್ಕತಾರೆ ಅಂತ. ಯಾರೂ ಎತ್ಲಿಲ್ಲ.’

‘ಆಫೀಸಲ್ಲಿ ಯಾರೂ ಇರಲಿಕ್ಕಿಲ್ಲ, ಮನೆಗೆ ಹೋಗಮ್ಮ ಅಂತ ನಾನೇ ಹೇಳಿದೆ’ ಎಂದರು ಪದ್ಮರಾಜಯ್ಯ.

ಇಬ್ಬರೂ ಸೇರಿ ನನಗೊಂದು ಬಾಗಿಲು ತೆರೆದಿಟ್ಟಿದ್ದರು. ಹೌದಮ್ಮ, ನಾಲ್ಕು ಗಂಟೆಗೇ ಹೊರಗಡೆ ಹೋಗಿದ್ದೆ, ಪತ್ರಿಕೆಯವರನ್ನು ನೋಡೋಕೆ, ಬಸ್‌ಸ್ಟ್ಯಾಂಡಿನ ಕಡೆ ಎಂದು ನಾಲಗೆಯ ತುದಿಗೆ ಬಂದಿತ್ತು. ಛತ್ರಿ ತಗೊಂಡು ಎಂಬುದೊಂದು ಬಾಕಿ.

‘ಇದ್ದೆ’ ಅಂದೆ. ‘ಫೋನಿನ ಮುಂದೇನೇ ಕೂತಿದ್ದೆ.’

 ಜಯಮ್ಮ ನನ್ನನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಇಷ್ಟು ವರ್ಷವಾದರೂ ನನಗೆ ಹೇಳಲು ಬರುವುದಿಲ್ಲ. ಆಮೇಲೆ ಉಳಿದ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಕ್ಯಾನಿನ ಮುಚ್ಚಳವನ್ನು ಅಂಗೈಯಿಂದ ಬಡಿದು ಬಿಗಿ ಮಾಡಿದರು.

‘ಬೇಲೂರ್ ಬಸ್ ಬತ್ತೈತೆ’ ಎಂದರು. ‘ಕ್ಯಾನ್ ನೀವೇ ಎತ್ಕಳಿ.’

ಎತ್ತಿಕೊಂಡೆ.